ಏಡಿ ಬಿಲಕ್ಕೆ ಎಷ್ಟು ಮಾರ್ಕು?

‘ಟೀಮ್ ವರ್ಕು’ ಎಂಬ ಮಾತು ಸಿಂಧಘಟ್ಟದ ಯಶೋದಮ್ಮನ ಕಿವಿಗೆ ಮೊದಲ ಸಲ ಬಿದ್ದ ದಿನ, ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಂಜಿನಿಯರಿಂಗ್ ಮೂರನೇ ವರ್ಷ ಓದುವ ಮೊಮ್ಮಗಳು ಅನು, ಬಸ್ಸಿಳಿದು ಬಂದವಳು ಚಪ್ಪಲಿ ಕೂಡ ಬಿಡದೆ ಜಗಳಕ್ಕೆ ನಿಂತಿದ್ದಳು. ಜಗಳವೇನೋ ಕಾಲೇಜಿನವರ ಮೇಲೆ. ಎದುರಿಗೆ ಸಿಕ್ಕಿದವಳು ಮಾತ್ರ ಅಜ್ಜಿ.

ಅನು: ಹತ್ತಕ್ಕೆ ಎರಡು ಅಜ್ಜಿ. ಎರಡು. ಅದೂ ನಮ್ಮ ಟೀಮಿನವರೇ ಕೊಟ್ಟಿರೋದು.

ಯಶೋದಮ್ಮ: ಕೊಟ್ರಲ್ಲ, ಇಸ್ಕೊ. ಏನು ಎರಡು?

ಅನು: ಮಾರ್ಕು. ಟೀಮ್ ವರ್ಕಿಗೆ. ನಾಲ್ಕು ಜನ ಸೇರಿ ಒಂದು ಕೆಲಸ ಮಾಡೋದು, ಆಮೇಲೆ ಒಬ್ರಿಗೊಬ್ರು ಮಾರ್ಕು ಹಾಕೋದು.

ಯಶೋದಮ್ಮ: ಮುಯ್ಯಾಳು ಅನ್ನು. ಇವತ್ತು ನಮ್ ಗದ್ದೆ ನಾಟಿಗೆ ಅವ್ರು, ನಾಳೆ ಅವ್ರ ಗದ್ದೆಗೆ ನಾವು. ಅದುನ್ನ ಕಲಿಯಾಕೂ ಕಾಲೇಜಾ?

ಅನು: ಅದಲ್ಲ ಅಜ್ಜಿ...

ಯಶೋದಮ್ಮ: ಪಾಸಾಗಾಕೆ ಎಷ್ಟು ಬೇಕು?

ಅನು: ನಾಲ್ಕು. ಇಲ್ದಿದ್ರೆ ಮುಂದಿನ ವರ್ಷ ಜೂನಿಯರ್ಸ್ ಜೊತೆ ಕೂತು ಇದನ್ನೇ ಮತ್ತೆ ಓದ್ಬೇಕು. ಲೆಕ್ಕದಲ್ಲೆಲ್ಲ ಫಸ್ಟ್ ಕ್ಲಾಸು, ಈ ಮಾತಾಡೋ ಪೇಪರಲ್ಲಿ ಫೇಲು ಅಂದ್ರೆ ಯಾರಾದ್ರೂ ನಂಬ್ತಾರಾ?

ಯಶೋದಮ್ಮ: ನಾನಂತೂ ನಂಬಾಕಿಲ್ಲ. ಹಲ್ಲು ಬರಾಕೆ ಮೊದ್ಲೇ ಮಾತು ಬಂದೋಳು ನೀನು.

ಪಾಠ ಮಾಡುವ ಅಪರ್ಣ ಮೇಡಂ ಒಂದು ದಾರಿ ತೋರಿಸಿ ಕಳಿಸಿದ್ದರು. ಟೀಮು ಮಾಡಿದ ಯಂತ್ರವನ್ನು ಮನೆಯಲ್ಲಿ ಒಬ್ಬರಿಗೆ ತಿಳಿಯುವ ಹಾಗೆ ಹೇಳಬೇಕು. ಕೇಳಿದವರು ಮಾರ್ಕು ಹಾಕಬೇಕು. ಸೋಮವಾರ ಆ ಹಾಳೆ ನೋಡಿ ಟೀಮಿನವರು ಒಪ್ಪಿದರೆ, ಆ ಎರಡು ಮಾರ್ಕನ್ನು ತಿದ್ದಬಹುದು. ಅನು ಚೀಲದಿಂದ ಹಾಳೆ ತೆಗೆದಳು.

ಅನು: ಈ ರೂಬ್ರಿಕ್ಸ್ ಇದೆಯಲ್ಲ, ಇದನ್ನ ನೀನೇ ತುಂಬ್ಬೇಕು.

ಯಶೋದಮ್ಮ: ರುಬ್ಬಿಕ್ಸಬೇಕಾ? ಈಗೆಲ್ಲಾಯ್ತದೆ ಕಣಮ್ಮಿ, ಅಕ್ಕೀನೇ ನೆನಾಕಿಲ್ಲ.

ಅನು: ರುಬ್ಬೋದಲ್ಲ ಅಜ್ಜಿ. ಮಾರ್ಕು ಹಾಕೋ ಹಾಳೆ. ಇದಕ್ಕಿಷ್ಟು, ಅದಕ್ಕಿಷ್ಟು ಅಂತ.

ಯಶೋದಮ್ಮ: ನಾನು ಓದಿರೋದು ಮೂರನೇ ಕ್ಲಾಸು. ಎಂಜಿನಿಯರ್‌ಗೆ ಮಾರ್ಕು ಹಾಕಾಕೆ ಅಷ್ಟು ಸಾಕಾ?

ಅನು: ಧಾರಾಳ. ಎಲ್ಲಾ ಕಡೆ ಹತ್ತು ಅಂತ ಬರೆದ್ಬುಡು.

ಯಶೋದಮ್ಮ: ಅಂಗಾದ್ರೆ ನೀನು ಯೋಳೋದ್ಯಾಕೆ, ನಾನು ಕೇಳೋದ್ಯಾಕೆ? ಯೋಳು ಮೊದ್ಲು.

ಅನು ಅಂಗಳಕ್ಕಿಳಿದು, ದುಪಟ್ಟಾ ಸರಿಮಾಡಿಕೊಂಡು, ದೊಡ್ಡ ಸಭೆಯ ಮುಂದೆ ನಿಂತವಳಂತೆ ಗಂಟಲು ಸರಿಮಾಡಿಕೊಂಡಳು.

ಅನು: ಎಲ್ಲರಿಗೂ ನಮಸ್ಕಾರ.

ಯಶೋದಮ್ಮ: ಎಲ್ಲರೂ ಎಲ್ಲವ್ರೆ? ಇರೋಳು ನಾನೊಬ್ಳು.

ಅನು: ಅಡ್ಡ ಮಾತಾಡ್ಬೇಡ. ನಮ್ಮ ಸೆನ್ಸರನ್ನ ಭತ್ತದ ಗದ್ದೇಲಿ ನೆಡ್ತೀವಿ. ನೀರು ಕಮ್ಮಿ ಆದ್ರೆ ಅದಕ್ಕೇ ಗೊತ್ತಾಗುತ್ತೆ. ಮೋಟ್ರು ತಾನಾಗೇ ಆನ್. ನೀರು ತುಂಬಿದ ಮೇಲೆ ತಾನಾಗೇ ಆಫ್. ರೈತ ಗದ್ದೆ ಕಡೆ ಹೋಗೋದೇ ಬೇಡ.

ಯಶೋದಮ್ಮ: ಬದದಲ್ಲಿ ಏಡಿ...

ಅನು: ಪ್ರಶ್ನೆ ಎಲ್ಲ ಕೊನೇಲಿ. ಮನೇಲೇ ಕೂತು ಮೊಬೈಲಲ್ಲಿ...

ಯಶೋದಮ್ಮ: ಅಲ್ಲ ಕಣಮ್ಮಿ, ಏಡಿ...

ಅನು: ನೀನೂ ತಿಮ್ಮರಾಜು ಥರ ಶುರು ಮಾಡ್ಬೇಡ ಅಜ್ಜಿ.

ಯಶೋದಮ್ಮ: ಅದ್ಯಾರು?

ಅನು: ನಮ್ಮ ಟೀಮಲ್ಲಿ ಒಬ್ಬ, ಬೆಳಗೊಳದೋನು. ಮೂರು ತಿಂಗಳಿಂದ ಮೀಟಿಂಗ್ ಕೂತಾಗೆಲ್ಲ ಏಡಿ, ಏಡಿ ಅಂತಾನೆ. ಸಾರಿನ ಯೋಚನೆ ಇರ್ಬೇಕು ಅಂತ ನಾನೇ ಬಾಯಿ ಮುಚ್ಚಿಸಿದೆ.

ಯಶೋದಮ್ಮ: ಏನಂತ ಮುಚ್ಸ್ದೆ?

ಅನು: ಏಡಿ ಸಿಲಬಸ್ಸಲ್ಲಿ ಇಲ್ಲ ಅಂದೆ.

ಯಶೋದಮ್ಮನಿಗೆ ನಗು ಒತ್ತರಿಸಿ ಬಂತು. ಮಡಿಲಲ್ಲಿದ್ದ ಕಾಳೆಲ್ಲ ಜಗಲಿಯ ಮೇಲೆ ಉರುಳಿದವು.

ಯಶೋದಮ್ಮ: ಅದುಕ್ಕೆ ಗೊತ್ತಾ ತಾನು ಸಿಲಬಸ್ಸಲ್ಲಿಲ್ಲ ಅಂತ? ಏಡಿ ಬದದಲ್ಲಿ ಬಿಲ ತೋಡ್ತದೆ. ನಮ್ ನೀರೆಲ್ಲ ಆ ಬಿಲದಾಗೆ ಕೆಳಗಿನ ಚೌಡಯ್ಯನ ಗದ್ದೆಗೆ ಇಳೀತದೆ. ನಿನ್ನ ಯಂತ್ರ ನೀರು ಕಮ್ಮಿ ಆಯ್ತು ಅಂತ ಮೋಟ್ರು ಹಾಕ್ತದೆ. ನೀರು ನಿಲ್ಲಾಕಿಲ್ಲ, ಮೋಟ್ರೂ ನಿಲ್ಲಾಕಿಲ್ಲ. ಗದ್ದೆ ಕಡೆ ಓಗೋದೇ ಬೇಡದ ರೈತ ಅಂದ್ಯಲ್ಲ, ಅವ್ನು ಚೌಡಯ್ಯ.

ಅನು ಅಂಗಳದಿಂದ ಜಗಲಿಯ ಹತ್ತಿರ ಬಂದಳು.

ಅನು: ತಿಮ್ಮರಾಜು ಹೇಳ್ತಿದ್ದದ್ದು ಇದನ್ನೇ ಅಂತೀಯ?

ಯಶೋದಮ್ಮ: ನನ್ನ ಕೇಳುದ್ರೆ? ಮೂರು ತಿಂಗ್ಳು ಎದುರಿಗೆ ಕೂತಿದ್ದೋಳು ನೀನು.

ಅನು: ಅವನಿಗೆ ಬೇಗ ಮಾತು ಬರಲ್ಲ ಅಜ್ಜಿ. ಏಡಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಅವನು ಹುಡುಕೋಷ್ಟರಲ್ಲಿ ನಾನು ಮುಂದಿನ ಸ್ಲೈಡಿಗೆ ಹೋಗಿರ್ತೀನಿ.

ಯಶೋದಮ್ಮ: ನಾಟೀಲಿ ಕೈ ನಿಧಾನ ಇರೋಳ್ನ ಬುಟ್ಟು ಯಾರೂ ಓಗಾಕಿಲ್ಲ. ಅಕ್ಕಪಕ್ಕದೋರು ಅವಳ ಸಾಲಲ್ಲೂ ಎರಡೆರಡು ಪೈರು ಊರಿ ಜೊತೇಲಿ ಕರ್ಕೊತಾರೆ. ನೀನೊಬ್ಳೇ ಮುಗ್ಸಿ ಬದ ಹತ್ತುದ್ರೆ ಒಂದು ಸಾಲು ಹಸ್ರಾಯ್ತದೆ. ಗದ್ದೆ ಆಗಾಕಿಲ್ಲ.

ಅನು: ಸರಿ, ಸರಿ. ಮಾರ್ಕು ಹಾಕು.

ಯಶೋದಮ್ಮ ಕನ್ನಡಕ ಏರಿಸಿ ಪೆನ್ನು ಹಿಡಿದಳು. ಅನು ಓದುತ್ತ ಹೋದಳು.

ಅನು: ಸ್ಪಷ್ಟವಾಗಿ ಮಾತಾಡೋದು.

ಯಶೋದಮ್ಮ: ಬಸ್‌ಸ್ಟ್ಯಾಂಡಿನೋರ್ಗೂ ಕೇಳುಸ್ತು. ಹತ್ತು.

ಅನು: ವಿಷಯ ತಿಳಿಯೋ ಹಾಗೆ ಹೇಳೋದು.

ಯಶೋದಮ್ಮ: ಆರು. ಯಂತ್ರ ತಿಳೀತು. ಗದ್ದೆ ನಿನಗೆ ತಿಳೀಲಿಲ್ಲ.

ಅನು: ಬೇರೆಯವರ ಮಾತು ಕೇಳಿಸಿಕೊಳ್ಳೋದು.

ಯಶೋದಮ್ಮ ಮೆಲ್ಲಗೆ, ರಂಗೋಲಿ ಸುತ್ತುವಂತೆ, ಒಂದು ದುಂಡನೆಯ ಸೊನ್ನೆ ಸುತ್ತಿದಳು.

ಅನು: ಅಜ್ಜಿ, ಸ್ವಂತ ಮೊಮ್ಮಗಳಿಗೆ ಸೊನ್ನೇನಾ? ಹೊರಗಿನವರೇ ಎರಡು ಕೊಟ್ಟಿದ್ರು.

ಯಶೋದಮ್ಮ: ಅವ್ರು ನಿನ್ ಬಾಯಿಗೆ ಹೆದ್ರುಕೊಂಡು ಕೊಟ್ಟವ್ರೆ. ನನಗೇನು ಹೆದ್ರಿಕೆ?

ಅನು ಜಗಲಿಯ ಅಂಚಿನಲ್ಲಿ ಕೂತಳು. ಚೆಲ್ಲಿದ ಕಾಳನ್ನು ಒಂದೊಂದಾಗಿ ಆಯ್ದು ಮೊರಕ್ಕೆ ಹಾಕಿದಳು. ಒಂದು ಮಾತೂ ಇಲ್ಲ. ಕಾಳೆಲ್ಲ ಆಯ್ದು ಮುಗಿದ ಮೇಲೆ ಯಶೋದಮ್ಮ ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂದು ಎಂದು ಬರೆದಳು.

ಅನು: ಇದ್ಯಾತಕ್ಕೆ ಒಂದು?

ಯಶೋದಮ್ಮ: ಇಷ್ಟೊತ್ತು ಸುಮ್ಕಿದ್ಯಲ್ಲ, ಅದುಕ್ಕೆ.

ಅನು ಫೋನು ತೆಗೆದು ತಿಮ್ಮರಾಜುವಿನ ನಂಬರು ಒತ್ತಿ, ಅಜ್ಜಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

ಯಶೋದಮ್ಮ: ಏನಂತ ಕೇಳ್ತೀಯೆ?

ಅನು: ಏಡಿ ವಿಷ್ಯ ಏನೋ ಹೇಳ್ತಿದ್ದೆಯಲ್ಲ, ಹೇಳು ಅಂತೀನಿ. ಅಷ್ಟೇ.

ಯಶೋದಮ್ಮ: ಆಮೇಕೆ?

ಅತ್ತ ರಿಂಗ್ ಆಗುತ್ತಿತ್ತು. ಅನು ಹತ್ತಿರ ಸರಿದು, ಚೂಡಿದಾರದ ತೋಳು ಮೇಲಕ್ಕೇರಿಸಿ, ಕೈಯನ್ನು ಅಜ್ಜಿಯ ತೊಡೆಯ ಮೇಲಿಟ್ಟಳು.

ಅನು: ಅವನು ಹೇಳಿ ಮುಗಿಸೋಕೆ ಮುಂಚೆ ನಾನೇನಾದ್ರೂ ಬಾಯಿ ಹಾಕಿದ್ರೆ ಚಿವುಟು ಅಜ್ಜಿ. ಮೆತ್ತಗಲ್ಲ.