ಕ್ಲೆಮ್ ಪೆಂಗಲಿಯ ಸ್ಥಿರ ವಿಳಾಸ

ಮನುಷ್ಯನಿಗೆ ಸ್ಥಿರವಾದ ವಿಳಾಸ ಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆ ವಿಲ್ಗಾ ಕ್ರೀಕ್ ಊರಿನಲ್ಲಿ ಇತ್ಯರ್ಥವಾದದ್ದು ಒಂದು ಬುಧವಾರ. ವಿಳಾಸವೆಂದರೆ ಮನೆಯದ್ದಲ್ಲ. ಕ್ಲೆಮ್ ಪೆಂಗಲಿಯ ಮನೆ ಗೋಧಿ ಕಣಜಗಳ ಹಿಂದಿನ ಬೀದಿಯಲ್ಲಿ ಕದಲದೆ ನಿಂತಿತ್ತು. ಅದನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ, ಅಷ್ಟೆ. ಪ್ರಶ್ನೆ ಇದ್ದದ್ದು ಇಂಟರ್ನೆಟ್ ಕಂಪನಿ ಆ ಮನೆಗೆ ಕೊಡುತ್ತಿದ್ದ, ಚುಕ್ಕೆಗಳ ನಡುವೆ ಅಂಕಿ ತುಂಬಿದ ಉದ್ದನೆಯ ನಂಬರಿನದು. ಅದು ದಿನಾ ಬೆಳಗ್ಗೆ ಬೇರೆಯಾಗಿರುತ್ತಿತ್ತು.

ಕಣಜದಲ್ಲಿ ಲಾರಿ ತೂಗುವ ಕೆಲಸದಿಂದ ನಿವೃತ್ತನಾದ ಮೇಲೆ ಕ್ಲೆಮ್ ಹಿತ್ತಲಿನ ನೀಲಗಿರಿ ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದ್ದ. ಮರದ ಕವಲಿನಲ್ಲಿ ಒಂದು ಕಪ್ಪೆಬಾಯಿ ಹಕ್ಕಿ ಹಗಲೆಲ್ಲ ಮುರಿದ ಕೊಂಬೆಯ ಹಾಗೆ ಮೂತಿ ಮೇಲೆತ್ತಿ ಕೂತಿರುತ್ತಿತ್ತು. ಅವತ್ತಿನ ನಂಬರು ಒತ್ತಿದವರು ಪ್ರಪಂಚದ ಯಾವ ಮೂಲೆಯಿಂದಲಾದರೂ ಅದು ಅಲುಗಾಡದಿರುವುದನ್ನು ನೋಡಬಹುದಿತ್ತು.

ಬೆಳಗ್ಗೆ ಟೀ ಹಿಡಿದು ಕ್ಲೆಮ್ ತಾನೂ ನಂಬರು ಒತ್ತಿ ಹಕ್ಕಿಯ ಪುಟ ತೆರೆದರೆ ಕೆಳಗೆ ಒಂದು ಸಾಲು: 'ಹೊಸ ಅತಿಥಿ, ಒಬ್ಬರು.' ಆ ಸಾಲಿಗಾಗಿಯೇ ಅವನು ಹಾಸಿಗೆ ಬಿಟ್ಟು ಏಳುತ್ತಿದ್ದ. ಒಂದು ದಿನ ಅವರು ಹೋಬಾರ್ಟ್ ಪಟ್ಟಣದ ನರ್ಸು, ಇನ್ನೊಂದು ದಿನ ಯಾವುದೋ ದ್ವೀಪದಲ್ಲಿ ದೋಣಿ ಕಾಯುತ್ತ ಕೂತ ಮೇಷ್ಟರು ಎಂದು ಊಹಿಸಿಕೊಳ್ಳುತ್ತಿದ್ದ. ಕ್ಯಾಮೆರಾ ಒರೆಸಲು ಹೋಗುವಾಗ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಿದ್ದ. ಕೊರಗು ಒಂದೇ: ಬಂದವರು ಯಾರೂ ಮತ್ತೆ ಬರುತ್ತಿರಲಿಲ್ಲ. ಆ ಬುಧವಾರ ಬ್ರೆಡ್ಡು ತರಲು ಹೋದಾಗ ಅದನ್ನೇ ಹೇಳಿಕೊಂಡ.

"ಹೇಗೆ ಬರ್ತಾರೆ?" ಎಂದಳು ಬೇಕರಿಯ ನೊರೀನ್. "ಸೋಮವಾರ ನೀನು ಕೊಟ್ಟ ನಂಬರು ಇವತ್ತು ಒತ್ತಿದೆ. ಹಕ್ಕಿ ಮೊಟ್ಟೆ ಇಟ್ಟಿದೆ ಅಂತ ಬಂದ ಗಿರಾಕಿಗೆಲ್ಲ ಹೇಳಿದ್ದಾಯ್ತು. ಆಮೇಲೆ ನೋಡಿದ್ರೆ ಅದು ಯಾರದೋ ಕೋಳಿಗೂಡು, ಮಾರಾಯ."

ಪಕ್ಕದಲ್ಲಿ ಮಾಂಸ ತುಂಬಿದ ಪೈ ತಿನ್ನುತ್ತಿದ್ದ ಟ್ರೆವ್ ಬಾಯಿ ಒರೆಸಿಕೊಂಡ. ಅವನು ಕ್ಲೆಮ್‌ನ ಬೇಲಿಯಾಚೆಯ ನೆರೆಯವ. ನೀರಿನ ಪಂಪು ರಿಪೇರಿ ಮಾಡುತ್ತಿದ್ದ. ಸಲಹೆ ಮಾತ್ರ ಅವನಲ್ಲಿ ಪಂಪಿಲ್ಲದೆಯೇ ಬರುತ್ತಿತ್ತು.

"ನಿಂದು ಬದಲಾಗೋ ವಿಳಾಸ ಕಣಯ್ಯ. ಇವತ್ತು ನಿನ್ನದು, ನಾಳೆ ಇನ್ನೊಬ್ಬಂದು. ಪಾಪ, ನಿನ್ನನ್ನ ಹುಡುಕಿಕೊಂಡು ಬಂದೋರು ಯಾರದೋ ಬಾಗಿಲು ತಟ್ಟಿ ಹೋಗ್ತಿದ್ದಾರೆ. ಸ್ಥಿರದ್ದು ತಗೋ."

ಬಾಗಿಲು ತಟ್ಟಿ ಹೋಗುವ ಮಾತು ಕ್ಲೆಮ್‌ಗೆ ನಾಟಿತು. ಬ್ರೆಡ್ಡು ಮರೆತು ಮನೆಗೆ ಬಂದು ಕಂಪನಿಗೆ ಫೋನು ಮಾಡಿದ.

"ಸ್ಥಿರ ವಿಳಾಸ ವ್ಯಾಪಾರದವರಿಗೆ, ಕ್ಲೆಮ್," ಎಂದಳು ಆಚೆಯ ಹುಡುಗಿ. "ನಿಮ್ಮದೇನು ವ್ಯಾಪಾರ?"

"ಹಕ್ಕಿ."

"ಕೋಳಿ ಫಾರಮ್ಮಾ?"

"ಅಲ್ಲಮ್ಮ, ಒಂದೇ ಹಕ್ಕಿ. ಮಾರೋದಿಲ್ಲ."

"ಮತ್ತೆ ಅದು ಏನು ಮಾಡುತ್ತೆ?"

"ಏನೂ ಮಾಡಲ್ಲ. ಎಲ್ಲರೂ ನೋಡ್ತಾರೆ."

ಆ ಕಡೆ ಕೀಲಿಗಳ ಟಕಟಕ ಕೇಳಿಸಿತು. "ಸಲಹಾ ಸಂಸ್ಥೆ ಅಂತ ಬರ್ಕೋತೀನಿ," ಎಂದಳು.

ಮಧ್ಯಾಹ್ನಕ್ಕೆ ನಂಬರು ಬಂತು. ಎರಡು ವರ್ಷದ ಕರಾರು, ನಡುವೆ ಬಿಡುವಂತಿಲ್ಲ. ಬಿಡುವವರು ಯಾರು? ಕ್ಲೆಮ್ ಪುಟ ತೆರೆದು ಹೊಸ ಅತಿಥಿಯೊಬ್ಬರನ್ನು ಕಂಡು, ನಂಬರನ್ನು ಬಾಯಿಪಾಠ ಮಾಡಿಕೊಂಡು ಊರ ಮೇಲೆ ಹೊರಟ. ಪೋಸ್ಟಾಫೀಸಿನಲ್ಲಿ ಹೇಳಿದ. ಬೌಲ್ಸ್ ಕ್ಲಬ್ಬಿನಲ್ಲಿ ಚೆಂಡು ಉರುಳಿಸಲು ಬಗ್ಗಿದವನ ಬೆನ್ನಿಗೆ ಹೇಳಿ ಬೈಸಿಕೊಂಡ. ತಿರುಗಿ ಬಂದು ಪುಟ ತೆರೆದರೆ ಸಾಲು ಬದಲಾಗಿತ್ತು: 'ಹಳೆಯ ಅತಿಥಿ ಮತ್ತೆ ಬಂದಿದ್ದಾರೆ.'

ಕ್ಲೆಮ್ ಎದ್ದು ನಿಂತ. ಏಕೆಂದು ತಿಳಿಯದೆ ಕೂತ. ಟೀ ಕುಡಿದು ನೋಡಿದ; ಮತ್ತೆ ಬಂದಿದ್ದರು. ಆಲೂಗಡ್ಡೆ ಬೇಯಲು ಇಟ್ಟು ನೋಡಿದ, ಮತ್ತೆ. ಹಿತ್ತಲಿಗೆ ಹೋಗಿ ಹಕ್ಕಿಗೆ, "ನೆಟ್ಟಗೆ ಕೂತ್ಕೋ, ಅವರು ಹೋಗಿಲ್ಲ," ಎಂದ. ಆಮೇಲೆ ಲ್ಯಾಮಿಂಗ್ಟನ್ ಕೇಕು ತಂದು, ಹಳೇ ಪೇಪರು ಹೇರಿದ್ದ ಎರಡು ಕುರ್ಚಿಗಳನ್ನು ಖಾಲಿ ಮಾಡಿ, ನೊರೀನ್ ಮತ್ತು ಟ್ರೆವ್‌ರನ್ನು ಕರೆದ.

"ನೀನು ನೋಡಿದಾಗೆಲ್ಲ ಬಂದಿರ್ತಾರಾ?" ಟ್ರೆವ್ ಕೇಳಿದ.

"ಅದೇ ನೋಡು ಆಶ್ಚರ್ಯ. ನಾನು ಕೂತಾಗ ಅವರೂ ಕೂತಿರ್ತಾರೆ."

ಟ್ರೆವ್ ಆ ಸಾಲನ್ನು ಒತ್ತಿದ. ಅತಿಥಿ ಯಾವ ನಂಬರಿನ ಮನೆಯಿಂದ ಬಂದದ್ದೆಂಬುದು ತೆರೆದುಕೊಂಡಿತು. "ನಿನ್ನ ಹೊಸ ನಂಬರು ಹೇಳು."

ಕ್ಲೆಮ್ ಕಣ್ಣು ಮುಚ್ಚಿ ಹೇಳಿದ. ಒಂದೊಂದು ಅಂಕಿಗೂ ಟ್ರೆವ್‌ನ ಬೆರಳು ಪರದೆಯ ಮೇಲೆ ಒಂದೊಂದು ಹೆಜ್ಜೆ ಸರಿದು ಕೊನೆಯ ಅಂಕಿಯ ಮೇಲೆ ನಿಂತಿತು. ನೊರೀನ್ ಕೇಕು ಕೆಳಗಿಟ್ಟಳು.

"ಇದು ನೀನೇ ಕಣೋ," ಎಂದ ಟ್ರೆವ್.

"ನಾನು ಹೇಗಾಗ್ತೀನಿ? ಇಷ್ಟು ದಿನ ಬಂದೋರೆಲ್ಲ ಹೊಸಬರು."

"ರಾತ್ರಿ ಇಂಟರ್ನೆಟ್ ಡಬ್ಬಿಯ ಗೋಡೆ ಸ್ವಿಚ್ಚು ಆರಿಸಿ ಮಲಗ್ತೀಯಾ?"

"ಆರಿಸದೆ ಯಾರು ಮಲಗ್ತಾರೆ?"

"ಅದಕ್ಕೇ ಬೆಳಗ್ಗೆ ಬೆಳಗ್ಗೆ ಹೊಸ ನಂಬರು ಸಿಗ್ತಿತ್ತು. ಪುಟಕ್ಕೆ ನಿನ್ನ ಮುಖ ಕಾಣಲ್ಲ, ನಂಬರು ಕಾಣತ್ತೆ. ದಿನಾ ನೀನೇ ಹೊಸಬನಾಗಿ ಬರ್ತಿದ್ದೆ."

ಅಡಿಗೆಮನೆಯಲ್ಲಿ ಆಲೂಗಡ್ಡೆ ತಳ ಹಿಡಿದ ವಾಸನೆ ಬಂತು. ಯಾರೂ ಏಳಲಿಲ್ಲ.

"ನೀವಿಬ್ಬರಾದ್ರೂ ನೋಡಬಹುದು," ಎಂದ ಕ್ಲೆಮ್. "ಇನ್ನು ನಂಬರು ಬದಲಾಗಲ್ಲ."

"ನಂಗೆ ನಮ್ಮನೆ ಕಿಟಕಿಯಿಂದಲೇ ಕಾಣತ್ತೆ ಅದು," ಎಂದ ಟ್ರೆವ್.

ನೊರೀನ್ ಮೆಲ್ಲಗೆ, "ನಂಗೆ ಆ ಕೋಳಿಗೂಡೇ ಹಿಡಿಸಿಬಿಟ್ಟಿದೆ, ಕ್ಲೆಮ್. ಅಲ್ಲಿ ಏನಾದ್ರೂ ನಡೀತಿರತ್ತೆ," ಎಂದಳು.

ಅವರು ಹೋದ ಮೇಲೆ ಕ್ಲೆಮ್ ಪಾತ್ರೆ ಉಜ್ಜಿದ. ಕುರ್ಚಿಗಳನ್ನು ಇದ್ದಲ್ಲಿಯೇ ಬಿಟ್ಟ.

ಗುರುವಾರ ಬೆಳಗ್ಗೆ ಪುಟಕ್ಕೆ ಹಳೆಯ ಅತಿಥಿ ಒಬ್ಬರು ಬಂದಿದ್ದರು. ಹೊಸಬರು ಯಾರೂ ಇರಲಿಲ್ಲ.