ಮಸ್ಕತ್ತಿಗೆ ಮದುವೆ ಕಳಿಸಿದ್ದು

ನನ್ನ ಕಂಪ್ಯೂಟರಿನ ಪಕ್ಕದ ತಗಡನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಲಾಗಲಿಲ್ಲ ಎಂದು ವಿಷಾದದಿಂದ ತಿಳಿಸಬೇಕಾಗಿದೆ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಜಯನಗರದ ಮದುವೆಗಳನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುತ್ತಿದ್ದೆ. ಇಂಥ ಎಡವಟ್ಟುಗಳು ಆಗುತ್ತಲೇ ಇದ್ದವು. ಒಂದು ಮದುವೆಯದ್ದು ಮಾತ್ರ ಹೇಳುತ್ತೇನೆ.

ಗಿರಾಕಿ

ಹುಡುಗಿಯ ತಂದೆ ಜೆ.ಪಿ. ನಗರದ ನಿವೃತ್ತ ಮೇಷ್ಟ್ರು. ದೊಡ್ಡ ಮಗಳು ಮಸ್ಕತ್ತಿನಲ್ಲಿ ನರ್ಸ್. ತಂಗಿಯ ಮದುವೆಗೆ ರಜೆ ಸಿಕ್ಕಿರಲಿಲ್ಲ.

"ತಾಳಿ ಕಟ್ಟೋದೊಂದು ಅವಳು ನೋಡ್ಬೇಕು ಸಾರ್. ಮಿಕ್ಕಿದ್ದು ಬಿಡಿ," ಎಂದರು.

ಅವಳ ಹಾಸ್ಟೆಲಿನ ನಿಧಾನದ ಇಂಟರ್ನೆಟ್ಟಿಗೆ ಹೊಂದುವಂತೆ ಕ್ಯಾಮೆರಾದ ಚಿತ್ರವನ್ನು ಆಗಿಂದಾಗಲೇ ಕುಗ್ಗಿಸಿ ಕಳಿಸಬೇಕಿತ್ತು.

"ಅದಕ್ಕೆ ದೊಡ್ಡ ಮೆಷಿನ್ ಬೇಕಲ್ವಾ?"

"ಎಸ್.ಪಿ. ರೋಡಿನ ಅಂಗಡೀಲಿ ಬಿಡಿಭಾಗ ಜೋಡಿಸಿ ಕೊಟ್ಟ ಕಂಪ್ಯೂಟರ್ ಸಾಕು," ಎಂದೆ, ಆತ್ಮವಿಶ್ವಾಸದಿಂದ. ಎರಡಕ್ಕೂ ವಾರಂಟಿ ಇರಲಿಲ್ಲ.

ಮೂರು ಸಾಫ್ಟ್‌ವೇರ್

ಕುಗ್ಗಿಸುವ ಸಾಫ್ಟ್‌ವೇರ್ ಮೂರಿದ್ದವು. ಮೊದಲನೆಯದು ಅರ್ಧ ಗಂಟೆಗೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎರಡನೆಯದು ಚೆನ್ನಾಗಿತ್ತು, ಆದರೆ ಕೊಳ್ಳುವ ತನಕ ಚಿತ್ರದ ಮೇಲೆ 'ಟ್ರಯಲ್' ಎಂದು ಬರೆಯುತ್ತಿತ್ತು. ವರಪೂಜೆಯ ಸಂಜೆ ಪರೀಕ್ಷಿಸಿದಾಗ ಅದು ಸರಿಯಾಗಿ ಮದುಮಗನ ಹಣೆಯ ಮೇಲೆ ಬಂತು.

"ಬೇಡ ಸಾರ್," ಎಂದರು ಮೇಷ್ಟ್ರು. "ನಮ್ಮೋಳು ಅಲ್ಲಿಂದ ಫೋನ್ ಮಾಡಿ, ಹುಡುಗನ್ನ ಎಷ್ಟು ದಿನಕ್ಕೆ ತಂದಿದೀರ ಅಂತ ಕೇಳ್ತಾಳೆ."

ಫ್ಯಾನು

ಮೂರನೆಯದು ಪುಕ್ಕಟೆ. ಏನೂ ಬರೆಯುತ್ತಿರಲಿಲ್ಲ; ಕಂಪ್ಯೂಟರನ್ನು ಮಾತ್ರ ದೋಸೆ ಕಾವಲಿಯಂತೆ ಕಾಯಿಸುತ್ತಿತ್ತು. ಅದಕ್ಕೇ ತಗಡು ಬಿಚ್ಚಿ, ಛತ್ರದ ಟೇಬಲ್ ಫ್ಯಾನನ್ನು ಎದುರಿಗಿಟ್ಟೆ.

ಮರುದಿನ ಮುಹೂರ್ತಕ್ಕೆ ಐದು ನಿಮಿಷವಿತ್ತು. ಹುಡುಗನ ಸೋದರಮಾವ ಬೆವರೊರೆಸಿಕೊಳ್ಳುತ್ತ, "ಏನ್ರೀ, ಬೀಗರಿಗಿಲ್ಲದ ಗಾಳಿ ಡಬ್ಬಕ್ಕಾ?" ಎಂದರು.

ಮೇಷ್ಟ್ರು ನನ್ನ ಮುಖ ನೋಡಿದರು, ಬೀಗರ ಮುಖ ನೋಡಿದರು, ತಾವೇ ಫ್ಯಾನನ್ನು ಅತ್ತ ತಿರುಗಿಸಿದರು. ನಾನು ಒಂದು ಮಾತು ಹೇಳಬಹುದಿತ್ತು. ಅದರ ಬದಲು ಕಂಪ್ಯೂಟರಿನತ್ತ ತಿರುಗಿಕೊಂಡೆ.

ಗಟ್ಟಿಮೇಳ ಶುರುವಾಗುವ ಹೊತ್ತಿಗೆ ಕಂಪ್ಯೂಟರ್ ಬಿಸಿ ತಾಳದೆ ತಾನಾಗಿ ಆಫಾಯಿತು. ಅದನ್ನು ಎಬ್ಬಿಸುವಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಮಸ್ಕತ್ತಿನ ಮಗಳು.

"ಸಾರ್, ಸ್ಕ್ರೀನ್ ಕಪ್ಪಾಗ್ಬಿಟ್ಟಿದೆ. ತಾಳಿ ಕಟ್ಟಾಯ್ತಾ?"

"ಆಯ್ತು ಮೇಡಂ, ಈಗ್ತಾನೆ."

"ಹೇಗ್ ಕಾಣ್ತಿದ್ಲು ನಮ್ ಹುಡುಗಿ?"

"ನಾನೂ ನೋಡ್ಲಿಲ್ಲ ಮೇಡಂ. ಕಂಪ್ಯೂಟರ್ ನೋಡ್ತಿದ್ದೆ."

ಇಪ್ಪತ್ತು ನಿಮಿಷದ ಮೇಲೆ ಚಿತ್ರ ಮರಳಿತು. ಆಗ ಉಡುಗೊರೆ ಕೊಡುವವರ ಸಾಲು ನಡೆದಿತ್ತು.