ಹಸ್ಬೆಂಡಿನ ಮೂಲ ಕೆದಕಲು ಹೋಗಿ

ಮಡಕಶಿರಾದಲ್ಲಿ ಇಂಗ್ಲಿಷ್ ಪಾಠ ಹೇಳುವ ನನಗೆ ಮೈಕು ಕಂಡರೆ ಭಯವಿಲ್ಲ. ಭಯವೆಲ್ಲ ನನ್ನ ಹೆಂಡತಿ ಸರೋಜಳಿಗೆ! ರಾಯದುರ್ಗದಲ್ಲಿ ನಮ್ಮ ಮಗಳು ಶಿಲ್ಪಾಳ ನಿಶ್ಚಿತಾರ್ಥದ ದಿನ ಬೀಗರು, "ಮೇಷ್ಟ್ರ, ಹುಡುಗ ಹುಡುಗಿಗೆ ನಾಲ್ಕು ಮಾತು ಹೇಳ್ರಿ" ಎಂದಾಗ ಅವಳು ನನ್ನ ಅಂಗಿ ಹಿಡಿದೆಳೆದಳು.

"ಒಳ್ಳೇದಾಗ್ಲಿ ಅಂದ್ಬಿಟ್ಟು ಬಂದು ಕೂತ್ಕಳಿ. ಜಾಸ್ತಿ ಬ್ಯಾಡ."

ಒಳ್ಳೆಯದಾಗಲಿ ಎನ್ನಲು ಇಂಗ್ಲಿಷ್ ಮೇಷ್ಟ್ರೇ ಬೇಕೇ? ಗಂಟಲು ಸರಿಮಾಡಿಕೊಂಡು ಆರಂಭಿಸಿದೆ.

"ಬಂಧುಗಳೇ, ಹಸ್ಬೆಂಡ್ ಎಂಬುದು ಸಾಮಾನ್ಯ ಪದವಲ್ಲ! ಸಾವಿರ ವರ್ಷಗಳ ಹಿಂದೆ ಇಂಗ್ಲಿಷರು ಅದನ್ನು ಏನೆನ್ನುತ್ತಿದ್ದರು ಗೊತ್ತೇ? ಹೂಸ್‌ಬೋಂಡ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷ ಆ ಪದವನ್ನು ಮನಸ್ಸಿನಲ್ಲಿ ಓದಿಕೊಂಡಿದ್ದೆನೇ ಹೊರತು ಗಟ್ಟಿಯಾಗಿ ಹೇಳಿ ನೋಡಿರಲಿಲ್ಲ!

ಹುಡುಗ ಮಂಜುನಾಥ ತಲೆ ತಗ್ಗಿಸಿದ. ಬೀಗರು ಎದ್ದು ನಿಂತರು.

"ಯಾಕ್ರಿ ಮೇಷ್ಟ್ರ, ನಮ್ಮ ಹುಡುಗ ಏನ್ ಮಾಡ್ಯಾನ್ರಿ? ಎಲ್ಲಾರ ಮುಂದ ಹೂಸು ಅಂತೀರಲ್ರಿ!"

"ಅಯ್ಯೋ, ಹೂಸ್ ಅಂದ್ರೆ ಮನೆ, ಬೀಗ್ರೇ! ಬೋಂಡ ಅಂದ್ರೆ ವಾಸ ಮಾಡೋನು!"

"ಅಂದ್ರ ನಮ್ಮ ಹುಡುಗ ಹೂಸಿನಾಗ ವಾಸ ಮಾಡ್ತಾನೇನ್ರಿ?"

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

"ಹುಡುಗ ಒಬ್ಬನೇ ಅಲ್ಲ, ನೀವೂ ಹೂಸ್‌ಬೋಂಡಾನೇ!" ಎಂದೆ. ಸಮಾಧಾನ ಮಾಡುವ ಸದುದ್ದೇಶದಿಂದ!

ಬೀಗರು ತಟ್ಟೆಯಲ್ಲಿದ್ದ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ಶಿಲ್ಪಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದಳು. ಆ ಒಂದು ನೋಟಕ್ಕೆ ನನ್ನ ಇಂಗ್ಲಿಷೆಲ್ಲ ಇಳಿದುಹೋಯಿತು.

ಸರೋಜ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

"ಅಣ್ಣಾ, ತಪ್ಪು ತಿಳ್ಕಬ್ಯಾಡಿ. ಮದ್ವೆ ಆದಾಗಿಂದ ನಾನು ಇಂಥದ್ದೇ ಕೇಳ್ಕಂಡು ಬಂದಿದೀನಿ. ಆ ಬೋಂಡ ಅನ್ನೋ ಹೆಸ್ರು ಇವರಿಗೇ ಇರ್ಲಿ. ನಿಮ್ಮ ಮಗ ನಮ್ಗೆ ಬಂಗಾರದಂಥ ಅಳಿಯ."

ಮೊದಲು ನಕ್ಕಿದ್ದು ಮಂಜುನಾಥ. ಅವನನ್ನು ನೋಡಿ ಶಿಲ್ಪಾ. ಬೀಗರೂ ಮೀಸೆಯಡಿಯಲ್ಲೇ ನಗುತ್ತ ಉಂಗುರ ಹೊರಗೆ ತೆಗೆದರು. ಅಂತೂ ನಿಶ್ಚಿತಾರ್ಥ ಮುಗಿಯಿತು.

ಮೊನ್ನೆ ಬೀಗರು ಫೋನ್ ಮಾಡಿದ್ದರು.

"ಮೇಷ್ಟ್ರ, ಮದ್ವಿಗೆ ಬರ್ರಿ, ಉಣ್ರಿ, ಆರಾಮ್ ಇರ್ರಿ. ಮಾತು ಮಾತ್ರ ಸರೋಜಕ್ಕಾರು ಆಡ್ಲಿ."

"ಹೂಂ" ಎಂದೆ.

ಪಕ್ಕದಲ್ಲಿದ್ದ ಸರೋಜ ತಿರುಗಿ ನೋಡಿದಳು.

"ಅಷ್ಟುದ್ದ ಯಾಕೆ ಎಳೀತೀರ?"